ನಿಂಬೆ, ಲಿಂಬ, ಮಾದಲ: ಹಣ್ಣುಗಳ ಹೆಸರುಗಳೂ ಇತಿಹಾಸಕಾರನ ಎಚ್ಚರವೂ

ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಸಂತೆಯಲ್ಲಿ ‘ಲಿಂಬಿಹಣ್ಣು’ ಎನಿಸಿಕೊಳ್ಳುವುದು ಪಠ್ಯಪುಸ್ತಕಗಳಲ್ಲಿ ‘ನಿಂಬೆ’ಯಾಗುತ್ತದೆ. ಇದು ಉಚ್ಚಾರಣೆಯ ಭೇದ ಮಾತ್ರವೆಂದು ನಾವು ಸುಮ್ಮನಾಗುವಂತಿಲ್ಲ. ಧಾರವಾಡ ಸೀಮೆಯು 1817-18ರಲ್ಲಿ ಪೇಶವೆಯರಿಂದ ಇಂಗ್ಲಿಷರ ಕೈಸೇರುವುದಕ್ಕೆ ಮುಂಚಿನ ಮೋಡಿ ಕಾಗದಪತ್ರಗಳು ಮರಾಠಿಯಲ್ಲಿವೆ. ಮರಾಠಿಯ ‘ಲಿಂಬೂ’ ನಿಂಬೆಯಾದರೆ ‘ಲಿಂಬ’ವು ಬೇವು. ಅಂತಹ ಕಾಗದದಲ್ಲಿ ಹೊಲದ ಎಲ್ಲೆಗೆ ಗುರುತಾಗಿ ‘ಲಿಂಬ’ದ ಮರ ಬಂದರೆ, ಆಡುಮಾತಿನ ರೂಢಿಯಿಂದ ಅದನ್ನು ನಿಂಬೆಯೆಂದು ಓದಿದವನು ಎರೆಹೊಲದ ಬದುವಿನ ಬೇವನ್ನು ಹಣ್ಣಿನ ಗಿಡವಾಗಿ ಮಾಡಿಬಿಡುತ್ತಾನೆ.

ಈ ತೊಡಕಿನ ಬೇರು ಹಳೆಯದು. ಸಂಸ್ಕೃತದಲ್ಲಿಯೂ ‘ನಿಂಬ’ ಬೇವು, ‘ನಿಂಬೂ’ ಹುಳಿಹಣ್ಣು. ಪಾರಸಿಯ ‘ಲೀಮೂ’, ಅರಬ್ಬಿಯ ‘ಲೈಮೂನ್’ ರೂಪಗಳ ಮೂಲಕ ಯುರೋಪನ್ನು ಸೇರಿದ ಹೆಸರು ಇಂಗ್ಲಿಷಿನಲ್ಲಿ ‘ಲೆಮನ್’, ‘ಲೈಮ್’ ಎಂದು ಎರಡಾಯಿತು. ‘ಲೆಮನ್’ ಎಂದರೆ ನಿಂಬೆಯೆಂದು ನಾವು ಶಾಲೆಯಲ್ಲಿ ಕಲಿಸುತ್ತೇವೆ. ಆದರೆ ನಮ್ಮ ಸಂತೆಯ ತೆಳುಸಿಪ್ಪೆಯ ಸಣ್ಣ ದುಂಡುಹಣ್ಣು ‘ಲೈಮ್’ ಎಂಬುದೇ ಹೊರತು ‘ಲೆಮನ್’ ಅಲ್ಲ.

ಸಂಸ್ಕೃತದ ‘ಮಾತುಲುಂಗ’ವು ಮರಾಠಿಯಲ್ಲಿ ‘ಮಹಾಳುಂಗ’, ಕನ್ನಡದಲ್ಲಿ ‘ಮಾದಲ’. ಕೊಲ್ಲಾಪುರದ ಮಹಾಲಕ್ಷ್ಮಿಯ ಕೆಳಗಿನ ಬಲಗೈಯಲ್ಲಿರುವುದು ಈ ದಪ್ಪಸಿಪ್ಪೆಯ ಹಣ್ಣು. ಅದನ್ನು ನಿಂಬೆಯೆಂದು ಬರೆದರೆ ಮೂರ್ತಿಲಕ್ಷಣವೇ ತಪ್ಪುತ್ತದೆ. ಹಾಗೆಯೇ ನಮ್ಮ ಹಬ್ಬದೂಟದ ಗೋದಿಯ ಸಿಹಿ ‘ಮಾದಲಿ’ಯನ್ನು ಶಬ್ದಸಾಮ್ಯವೊಂದರಿಂದಲೇ ಮಾದಲದೊಡನೆ ಕೂಡಿಸುವುದೂ ಸಲ್ಲದು.

ಶಬ್ದಸಾಮ್ಯವನ್ನು ಕಾಲದ ಒರೆಗೆ ಹಚ್ಚಿ ನೋಡಬೇಕೆಂಬುದಕ್ಕೆ ‘ಸಂತ್ರಾ’ ಒಳ್ಳೆಯ ನಿದರ್ಶನ. ಪೋರ್ತುಗಾಲದ ಸಿಂತ್ರಾ ಎಂಬ ಊರಿನಿಂದ ಈ ಹೆಸರು ಬಂದಿತೆಂದು ಹೇಳುವುದುಂಟು. ಆದರೆ 1530ರಲ್ಲಿ ತೀರಿಕೊಂಡ ಬಾಬರನು ತನ್ನ ಆತ್ಮಚರಿತ್ರೆಯಲ್ಲಿ ಹಿಂದುಸ್ತಾನದ ಹಣ್ಣುಗಳನ್ನು ಎಣಿಸುವಾಗ ‘ಸಂಗತರಾ’ ಎಂಬುದನ್ನು ಬೇರೆಯಾಗಿಯೇ ವರ್ಣಿಸಿದ್ದಾನೆ. ಪೋರ್ತುಗೀಜರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅಷ್ಟು ಅಲ್ಪಕಾಲದಲ್ಲಿ ಒಂದು ಪರದೇಶದ ಹೆಸರು ಉತ್ತರದಲ್ಲಿ ನೆಲೆಯೂರಿತೆಂಬುದು ಸಂಶಯಾಸ್ಪದ. ಇದಕ್ಕೆ ವಿರುದ್ಧವಾಗಿ ನಮ್ಮ ‘ನಾರಂಗ’ವು ಪಡುವಣಕ್ಕೆ ನಡೆದು ಸ್ಪೇನಿನಲ್ಲಿ ‘ನಾರಾಂಹಾ’, ಇಂಗ್ಲಿಷಿನಲ್ಲಿ ‘ಆರೆಂಜ್’ ಆಯಿತು. ಕನ್ನಡಿಗರ ಬಾಯಲ್ಲಿ ಮಾತ್ರ ತಮಿಳು, ತೆಲುಗುಗಳ ‘ಕಿಚ್ಚಿಲಿ’ಗೆ ಸಂಬಂಧಿಯಾದ ‘ಕಿತ್ತಳೆ’ಯೇ ಉಳಿಯಿತು.

ಹೆಸರುಗಳು ಹೀಗೆ ಬೆರೆಯಲು ಹಣ್ಣುಗಳ ಸ್ವಭಾವವೂ ಕಾರಣ. ಈ ಕುಲದ ಮೂಲನೆಲೆ ಹಿಮಾಲಯದ ಆಗ್ನೇಯ ತಪ್ಪಲೆಂದು 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ತಳಿಶಾಸ್ತ್ರದ ಅಧ್ಯಯನವೊಂದು ತೋರಿಸಿತು. ಮಾದಲ, ಚಕ್ಕೋತ, ಸುಲಭವಾಗಿ ಸಿಪ್ಪೆ ಬಿಡುವ ಕಿತ್ತಳೆ ಇವು ಮೂಲಜಾತಿಗಳಲ್ಲಿ ಸೇರಿವೆ. ಲೈಮ್, ಲೆಮನ್‌ಗಳೆರಡೂ ಮಿಶ್ರತಳಿಗಳು. ಎರಡರಲ್ಲಿಯೂ ಮಾದಲದ ಅಂಶವಿದೆ. ಹಣ್ಣುಗಳೇ ನೆಂಟರಾಗಿರುವಾಗ ಹೆಸರುಗಳು ಒಂದರಿಂದೊಂದಕ್ಕೆ ದಾಟಿದುದು ಆಶ್ಚರ್ಯವಲ್ಲ.

ಆದುದರಿಂದ ಶಬ್ದಸಂಗ್ರಹಕ್ಕೆ ಹೊರಡುವ ನಮ್ಮ ವಿದ್ಯಾರ್ಥಿಗಳು ಮಲೆನಾಡಿನ ಅಂಚಿನ ಕಲಘಟಗಿಯಿಂದ ಬಯಲಿನ ನವಲಗುಂದದವರೆಗೆ ಹೆಸರನ್ನಷ್ಟೇ ಬರೆದುಕೊಳ್ಳದೆ, ಹಣ್ಣಿನ ಆಕಾರ, ಸಿಪ್ಪೆ, ರುಚಿ, ಉಪಯೋಗಗಳನ್ನೂ ಊರಿನ ಹೆಸರಿನೊಡನೆ ಗುರುತಿಸಬೇಕು. ಹಣ್ಣನ್ನು ಕಾಣದೆ ಬರೆದಿಟ್ಟ ಹೆಸರು ಮುಂದಿನ ಓದುಗನನ್ನೂ ದಾರಿತಪ್ಪಿಸೀತು.