ಶಾಲೆಯಲ್ಲಿ ಸೋಂಕು ನಿಯಂತ್ರಣ ಮತ್ತು ವಿದ್ಯಾರ್ಥಿಯ ಆರೋಗ್ಯಗೋಪ್ಯತೆ: 1985ರ ಅಮೆರಿಕದ ಎರಡು ಪ್ರಸಂಗಗಳು

ಸಾಂಕ್ರಾಮಿಕ ರೋಗ ತಗುಲಿದ ಮಗುವನ್ನು ಕೆಲಕಾಲ ಶಾಲೆಯಿಂದ ದೂರವಿಡುವುದು ಹಳೆಯ ರೂಢಿ. ಗಾಳಿಯ ಮೂಲಕ ಹರಡುವ ದಡಾರ, ಸೀತಾಳೆಗಳ ವಿಷಯದಲ್ಲಿ ಈ ಕ್ರಮ ಸಮರ್ಥನೀಯ. ಅಲ್ಲಿ ಮಗುವಿನ ಕಾಯಿಲೆಯನ್ನು ಬಹುಕಾಲ ಮುಚ್ಚಿಡಲು ಸಾಧ್ಯವೂ ಇಲ್ಲ, ಬಹಿಷ್ಕಾರ ಕೆಲವು ದಿನಗಳನ್ನು ಮೀರುವುದೂ ಇಲ್ಲ. 1980ರ ದಶಕದಲ್ಲಿ ಏಡ್ಸ್ ಕಾಣಿಸಿಕೊಂಡಾಗ ಈ ರೂಢಿಯ ಆಧಾರವೇ ಅಲುಗಾಡಿತು. ಈ ಸೋಂಕು ಜೀವಾವಧಿಯದು. ಆದುದರಿಂದ ಶಾಲೆಯಿಂದ ದೂರವಿಡುವುದೆಂದರೆ ವಿದ್ಯಾಭ್ಯಾಸವನ್ನೇ ಕೊನೆಗಾಣಿಸುವುದು ಎಂದಾಯಿತು. ಇತ್ತ ತರಗತಿಯ ಸಾಮಾನ್ಯ ಒಡನಾಟದಿಂದ ಅದು ಹರಡುವುದೂ ಇಲ್ಲ.

1985ರ ಆಗಸ್ಟ್ 30ರಂದು ಅಮೆರಿಕದ ರೋಗನಿಯಂತ್ರಣ ಕೇಂದ್ರವು ಈ ಕುರಿತು ಮಾರ್ಗಸೂಚಿಯನ್ನು ಪ್ರಕಟಿಸಿತು. ಸೋಂಕಿತ ಮಕ್ಕಳಲ್ಲಿ ಬಹುಪಾಲು ಮಂದಿ ಶಾಲೆಗೆ ಹೋಗಬಹುದು. ಪ್ರತಿಯೊಂದು ಮಗುವಿನ ವಿಷಯವನ್ನೂ ವೈದ್ಯರು, ಆರೋಗ್ಯಾಧಿಕಾರಿಗಳು, ಪೋಷಕರು ಹಾಗೂ ಶಾಲೆಯವರು ಕೂಡಿ ಪ್ರತ್ಯೇಕವಾಗಿ ನಿರ್ಧರಿಸಬೇಕು. ವಿಷಯ ತಿಳಿದವರ ಸಂಖ್ಯೆ ಅತ್ಯಲ್ಪವಾಗಿರಬೇಕು ಎಂದು ಅದು ಸೂಚಿಸಿತು. ಸೋಂಕಿತ ಮಗು ಇರಲಿ, ಇಲ್ಲದಿರಲಿ, ಎಲ್ಲ ಶಾಲೆಗಳೂ ರಕ್ತ ಸೋರಿದಾಗ ಅದನ್ನು ಶುಚಿಗೊಳಿಸುವ ನಿಯತ ಕ್ರಮವನ್ನು ಅನುಸರಿಸಬೇಕೆಂಬುದು ಅದರ ಮತ್ತೊಂದು ಸಲಹೆ. ಎಲ್ಲರ ರಕ್ತವನ್ನೂ ಒಂದೇ ಎಚ್ಚರಿಕೆಯಿಂದ ನಿರ್ವಹಿಸುವ ಶಾಲೆಗೆ ಯಾರು ಸೋಂಕಿತರೆಂದು ತಿಳಿಯುವ ಅಗತ್ಯವೇ ಬಹುಮಟ್ಟಿಗೆ ಇಲ್ಲವಾಗುತ್ತದೆ.

ಸೆಪ್ಟೆಂಬರ್ ತಿಂಗಳಲ್ಲಿ ನ್ಯೂಯಾರ್ಕ್ ನಗರಾಡಳಿತವು ತಜ್ಞರ ಸಮಿತಿಯೊಂದರ ಪರಿಶೀಲನೆಯ ನಂತರ ಎರಡನೆಯ ತರಗತಿಯ ಒಂದು ಮಗುವಿಗೆ ಶಾಲೆಗೆ ಹೋಗಲು ಅನುಮತಿ ನೀಡಿತು. ಮಗುವಿನ ಹೆಸರನ್ನಾಗಲಿ ಶಾಲೆಯನ್ನಾಗಲಿ ಬಹಿರಂಗಪಡಿಸಲಿಲ್ಲ. ಕ್ವೀನ್ಸ್ ಪ್ರದೇಶದ ಪೋಷಕರು ಪ್ರತಿಭಟಿಸಿ 10,000ಕ್ಕೂ ಹೆಚ್ಚು ಮಕ್ಕಳನ್ನು ಶಾಲೆಗೆ ಕಳುಹಿಸಲಿಲ್ಲ. ಸ್ಥಳೀಯ ಶಾಲಾಮಂಡಳಿಯು ನ್ಯಾಯಾಲಯದ ಮೊರೆಹೊಕ್ಕಿತು. ಏಡ್ಸ್ ಇದೆಯೆಂಬ ಒಂದೇ ಕಾರಣಕ್ಕೆ ಮಗುವನ್ನು ಹೊರಗಿಡುವುದು 1973ರ ಪುನರ್ವಸತಿ ಕಾಯಿದೆಗೂ ಸಂವಿಧಾನದ ಸಮಾನ ರಕ್ಷಣೆಯ ತತ್ತ್ವಕ್ಕೂ ವಿರುದ್ಧವೆಂದು 1986ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಹೆರಾಲ್ಡ್ ಹೈಮನ್ ತೀರ್ಪಿತ್ತರು. ಪೋಷಕರ ಭೀತಿ ನಿಜವಾದುದು. ಆದರೆ ಆ ಭೀತಿಗೆ ಗುರಿಯಾಗಲು ಒಂದು ಮುಖ ದೊರೆಯಲಿಲ್ಲ.

ಅದೇ ವರ್ಷ ಇಂಡಿಯಾನಾ ರಾಜ್ಯದ ಕೊಕೊಮೊ ಸಮೀಪದ ಶಾಲೆಯೊಂದು ರಯಾನ್ ವೈಟ್ ಎಂಬ ಬಾಲಕನ ಪ್ರವೇಶವನ್ನು ನಿರಾಕರಿಸಿತ್ತು. ಹಿಮೋಫಿಲಿಯಾ ಚಿಕಿತ್ಸೆಗೆ ಬಳಸಿದ ರಕ್ತೋತ್ಪನ್ನದಿಂದ ಆತನಿಗೆ ಸೋಂಕು ತಗುಲಿತ್ತು. ಇಲ್ಲಿ ಹೆಸರು ಊರಿಗೆಲ್ಲ ತಿಳಿದಿತ್ತು. 1986ರಲ್ಲಿ ಆತ ತರಗತಿಗೆ ಮರಳಿದರೂ ನೆಮ್ಮದಿ ಮರಳಲಿಲ್ಲ. ಮನೆಯ ಕಿಟಕಿಗೆ ಗುಂಡು ಹಾರಿದ ಮೇಲೆ ಕುಟುಂಬವು 1987ರಲ್ಲಿ ಸಿಸೆರೊ ಊರಿಗೆ ವಲಸೆಹೋಯಿತು. ಅಲ್ಲಿಯೂ ಆತನ ಹೆಸರು ಎಲ್ಲರಿಗೂ ತಿಳಿದಿತ್ತು. ಆದರೆ ವಿದ್ಯಾರ್ಥಿಗಳಿಗೆ ರೋಗದ ಬಗ್ಗೆ ಮೊದಲೇ ತಿಳಿವಳಿಕೆ ನೀಡಲಾಗಿದ್ದುದರಿಂದ ಶಾಲೆ ಆತನನ್ನು ಸ್ವಾಗತಿಸಿತು. ಆತ 1990ರ ಏಪ್ರಿಲ್ 8ರಂದು ನಿಧನನಾದ.

ಗೋಪ್ಯತೆಯೊಂದೇ ಪರಿಹಾರವಲ್ಲವೆಂಬುದನ್ನು ಸಿಸೆರೊ ತೋರಿಸುತ್ತದೆ. ರೋಗನಿರೋಧಕ ಶಕ್ತಿ ಕುಂದಿದ ಮಗುವಿಗೆ ಸಹಪಾಠಿಗಳ ದಡಾರವೇ ಅಪಾಯಕಾರಿ. ಅದನ್ನು ಎಚ್ಚರಿಸಲು ಶಾಲೆಯಲ್ಲಿ ಯಾರಾದರೊಬ್ಬರಿಗೆ ವಿಷಯ ತಿಳಿದಿರಬೇಕಾಗುತ್ತದೆ. ಹೀಗಾಗಿ ಪ್ರಶ್ನೆ ಮುಚ್ಚಿಡಬೇಕೆ, ತೆರೆದಿಡಬೇಕೆ ಎಂಬುದಲ್ಲ. ಯಾರಿಗೆ, ಯಾವ ಉದ್ದೇಶಕ್ಕೆ ತಿಳಿಯಬೇಕು ಎಂಬುದು.

ಭಾರತದಲ್ಲಿ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ 2017ರ ಎಚ್‌.ಐ.ವಿ. ಮತ್ತು ಏಡ್ಸ್ ಕಾಯಿದೆಯು ಶಿಕ್ಷಣಸಂಸ್ಥೆಗಳಲ್ಲಿ ತಾರತಮ್ಯವನ್ನು ನಿಷೇಧಿಸಿದೆ. ಸೋಂಕಿನ ಮಾಹಿತಿಯ ರಕ್ಷಣೆಯನ್ನು ಅದನ್ನು ಇಟ್ಟುಕೊಂಡ ಸಂಸ್ಥೆಯ ಹೊಣೆಯನ್ನಾಗಿಸಿದೆ. ಕ್ವೀನ್ಸ್‌ನ ಅನುಭವದ ಹಿನ್ನೆಲೆಯಲ್ಲಿ ನೋಡಿದರೆ, ಮಗುವಿನ ಗೋಪ್ಯತೆಯು ರೋಗನಿಯಂತ್ರಣಕ್ಕೆ ಅಡ್ಡಿಯಲ್ಲ. ಹೆಸರು ಬಯಲಾಗುವ ಭಯವಿಲ್ಲದ ಕುಟುಂಬವೇ ಪರೀಕ್ಷೆಗೂ ಚಿಕಿತ್ಸೆಗೂ ಮುಂದೆ ಬರುತ್ತದೆ.