ಕಾರ್ಟಿಸಾಲಿನ ದಿನಚರಿ ಮತ್ತು ನಮ್ಮ ಮಕ್ಕಳು

ಕಾರ್ಟಿಸಾಲ್ ಎಂಬ ಹಾರ್ಮೋನಿಗೆ ಈಚೆಗೆ ಕೆಟ್ಟ ಹೆಸರು ಬಂದಿದೆ. ಮೊಬೈಲ್ ತೆರೆದರೆ ಸಾಕು, ಅದನ್ನು ಇಳಿಸುವ ಕಷಾಯ, ಅದರಿಂದ ಊದಿಕೊಂಡ ಮುಖದ ಚಿತ್ರ, ಅದನ್ನು ಮೈಯಿಂದ ಹೊರಹಾಕುವ ಪುಡಿ. ನಂದಿನಿ ಲೇಔಟಿನ ನಮ್ಮ ಬೀದಿಯ ತಾಯಿಯೊಬ್ಬರು ಎಂಟನೇ ತರಗತಿಯ ಮಗನ ರಕ್ತಪರೀಕ್ಷೆಯ ಚೀಟಿ ಹಿಡಿದುಕೊಂಡು ನನ್ನಲ್ಲಿಗೆ ಬಂದಿದ್ದರು. ಟ್ಯೂಷನ್ ಮುಗಿಸಿ ಬರುವಾಗ ಸಂಜೆ ತೆಗೆಸಿದ ರಕ್ತ. ಪಕ್ಕದಲ್ಲಿ ಅಚ್ಚಾಗಿದ್ದ ಮಿತಿ ಬೆಳಗಿನ ಹೊತ್ತಿನದು. "ಕಡಿಮೆ ಅಂತ ಬಂದಿದೆ ಮೇಡಂ, ಒಳ್ಳೇದಾ, ಕೆಟ್ಟದ್ದಾ?" ಎಂದು ಕೇಳಿದರು. ಸಂಜೆ ಕಡಿಮೆ ಇರುವುದೇ ಸರಿ, ಮಗು ಚೆನ್ನಾಗಿದೆ ಎಂದೆ. ಅವರಿಗೆ ಸಮಾಧಾನವಾಯಿತು, ನನಗೆ ಆಗಲಿಲ್ಲ. ಗಂಟೆ ಎಷ್ಟು ಎಂದು ಕೇಳದೆ ಕಾರ್ಟಿಸಾಲಿನ ಅಂಕಿ ಓದಬಾರದು ಎಂಬುದು ಎಂಬತ್ತು ವರ್ಷದ ಹಿಂದೆಯೇ ಗೊತ್ತಾಗಿತ್ತು. ಇವತ್ತಿನ ಆರೋಗ್ಯದ ಮಾತುಕತೆಯಿಂದ ಕಳಚಿಬಿದ್ದಿರುವುದು ಆ ಪಾಠವೇ.

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಗಳು ಈ ಹಾರ್ಮೋನನ್ನು ಸ್ರವಿಸುತ್ತವೆ. ಅವಕ್ಕೆ ಆಜ್ಞೆ ಬರುವುದು ಪಿಟ್ಯುಟರಿಯಿಂದ, ಪಿಟ್ಯುಟರಿಗೆ ಮೆದುಳಿನ ಹೈಪೊಥಲಾಮಸಿನಿಂದ. ರಾತ್ರಿ ಹನ್ನೆರಡರ ಆಸುಪಾಸಿನಲ್ಲಿ ರಕ್ತದಲ್ಲಿ ಕಾರ್ಟಿಸಾಲ್ ಅತಿ ಕಡಿಮೆ. ನಸುಕಿನಿಂದ ಏರತೊಡಗಿ, ಎದ್ದ ಮೇಲೆ 30–45 ನಿಮಿಷಕ್ಕೆ ಶಿಖರ ಮುಟ್ಟುತ್ತದೆ. ಆಮೇಲೆ ಮಧ್ಯಾಹ್ನ, ಸಂಜೆ, ರಾತ್ರಿ ಎಂದು ಇಳಿಯುತ್ತಾ ಹೋಗುತ್ತದೆ. ಉಪವಾಸದ ರಾತ್ರಿ ಕಳೆದ ದೇಹಕ್ಕೆ ಸಕ್ಕರೆ ಒದಗಿಸಿ, ರಕ್ತದೊತ್ತಡವನ್ನು ನೆಟ್ಟಗೆ ನಿಲ್ಲಿಸಿ, ಮೆದುಳನ್ನು ಕೆಲಸಕ್ಕೆ ಹಚ್ಚುವುದು ಈ ಬೆಳಗಿನ ಏರಿಕೆ. ಇದಿಲ್ಲದೆ ಬದುಕೇ ಇಲ್ಲ. ಅಡ್ರಿನಲ್ ಕೈಕೊಟ್ಟ ಅಡಿಸನ್ ಕಾಯಿಲೆಯ ರೋಗಿಯನ್ನು ನೋಡಿದ ಯಾರೂ ಕಾರ್ಟಿಸಾಲನ್ನು ವಿಷವೆಂದು ಕರೆಯಲಾರರು.

ಇತಿಹಾಸದ ಮೊದಲ ಘಟ್ಟವನ್ನು ಬೇಗ ದಾಟಬಹುದು. 1936ರಲ್ಲಿ ಹಾನ್ಸ್ ಸೆಲ್ಯೆ 'ನೇಚರ್' ಪತ್ರಿಕೆಯಲ್ಲಿ ಪುಟ್ಟ ಟಿಪ್ಪಣಿ ಬರೆದರು. ಚಳಿ, ಗಾಯ, ವಿಷ ಯಾವುದೇ ಇರಲಿ, ಇಲಿಯ ದೇಹ ಒಂದೇ ಬಗೆಯಲ್ಲಿ ಸ್ಪಂದಿಸುತ್ತದೆ, ಅದರ ಅಡ್ರಿನಲ್ ಗ್ರಂಥಿ ಊದುತ್ತದೆ ಎಂಬುದು ಅದರ ಸಾರ. ಅಡ್ರಿನಲ್ ಹೊರಪದರದ ಹಾರ್ಮೋನುಗಳ ಶೋಧಕ್ಕಾಗಿ ಕೆಂಡಾಲ್, ರೈಖ್‌ಸ್ಟೈನ್, ಹೆಂಚ್ ಮೂವರಿಗೆ 1950ರ ನೊಬೆಲ್ ಬಂತು. ಸೆಲ್ಯೆ ಕೊಟ್ಟ ಚೌಕಟ್ಟಿನಲ್ಲಿ ಕಾಲಕ್ಕೆ ಜಾಗವೇ ಇರಲಿಲ್ಲ. ಒತ್ತಡ ಬಂದಾಗ ಹಾರ್ಮೋನು ಏರುತ್ತದೆ, ಅಷ್ಟೆ. ಇಂದಿನ ಅಪಾರ್ಥದ ಬೀಜ ಅಲ್ಲಿದೆ ಎಂದು ನನಗನಿಸುತ್ತದೆ. ಆದರೆ 1943ರಲ್ಲೇ ಗ್ರೆಗರಿ ಪಿಂಕಸ್ ಯುವಕರ ಮೂತ್ರದಲ್ಲಿ ಅಡ್ರಿನಲ್ ಸ್ಟೀರಾಯ್ಡುಗಳ ಅಂಶ ಹಗಲು ರಾತ್ರಿ ಏರಿಳಿಯುವುದನ್ನು ದಾಖಲಿಸಿದ್ದರು. 1959ರಲ್ಲಿ ಫ್ರಾನ್ಜ್ ಹಾಲ್‌ಬರ್ಗ್ ಇಂಥ ಲಯಗಳಿಗೆ 'ಸರ್ಕೇಡಿಯನ್' ಎಂಬ ಹೆಸರಿಟ್ಟರು. 1971ರಲ್ಲಿ ವೈಟ್ಜ್‌ಮನ್ ಸಂಗಡಿಗರು ಇಡೀ 24 ಗಂಟೆ ಆಗಾಗ ರಕ್ತ ತೆಗೆದು ನೋಡಿದಾಗ, ಹಾರ್ಮೋನು ಬುಗ್ಗೆ ಬುಗ್ಗೆಯಾಗಿ ಉಕ್ಕುತ್ತದೆಂದೂ ಆ ಬುಗ್ಗೆಗಳು ನಸುಕಿನಲ್ಲಿ ದೊಡ್ಡವಾಗಿ ರಾತ್ರಿ ಅಡಗುತ್ತವೆಂದೂ ಕಂಡಿತು. ಮರುವರ್ಷ ಮೂರ್ ಮತ್ತು ಐಕ್ಲರ್ ಇಲಿಯ ಹೈಪೊಥಲಾಮಸಿನ ಸಾಸಿವೆಯಷ್ಟು ಭಾಗವೊಂದನ್ನು ನಾಶಮಾಡಿದರು. ಅಡ್ರಿನಲ್ ಹಾರ್ಮೋನಿನ ದಿನದ ಲಯ ಅಳಿಸಿಹೋಯಿತು. ಮೆದುಳಿನ ಗಡಿಯಾರದ ವಿಳಾಸ ಸಿಕ್ಕಿದ್ದು ಹಾಗೆ, ಈ ಹಾರ್ಮೋನಿನ ಜಾಡು ಹಿಡಿದು. ಶರೀರವಿಜ್ಞಾನದ ಪಠ್ಯಗಳು ಈ ಸಂಗತಿಯನ್ನು ಇನ್ನಷ್ಟು ಒತ್ತಿ ಹೇಳಬೇಕಿತ್ತು.

ನಮ್ಮ ತಲೆಮಾರಿನ ಕೆಲಸ ಶುರುವಾದದ್ದು ಎಂಜಲಿನಿಂದ. ರಕ್ತದಲ್ಲಿರುವ ಕಾರ್ಟಿಸಾಲಿನ ಬಹುಪಾಲು ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ಜೀವಕೋಶದೊಳಗೆ ಹೋಗಿ ಕೆಲಸ ಮಾಡಬಲ್ಲದ್ದು ಬಿಡಿಯಾಗಿರುವ ಸ್ವಲ್ಪ ಮಾತ್ರ. ಆ ಬಿಡಿ ಭಾಗವೇ ಎಂಜಲಿಗೂ ಇಳಿಯುತ್ತದೆ. ಹತ್ತಿಯ ಸುರುಳಿಯನ್ನು ಬಾಯಲ್ಲಿ ಒಂದು ನಿಮಿಷ ಇಟ್ಟುಕೊಂಡರೆ ಮಾದರಿ ಸಿದ್ಧ. ಸೂಜಿಯ ಹೆದರಿಕೆಯೇ ಕಾರ್ಟಿಸಾಲನ್ನು ಏರಿಸುವುದರಿಂದ ಮಕ್ಕಳಲ್ಲಿ ಇದೇ ಹೆಚ್ಚು ಭರವಸೆಯ ದಾರಿ. ಜರ್ಮನಿಯ ಟ್ರಿಯರ್‌ನಲ್ಲಿ ಕಿರ್ಶ್‌ಬೌಮ್ ಮತ್ತು ಹೆಲ್‌ಹ್ಯಾಮರ್ ಈ ವಿಧಾನವನ್ನು ಪಳಗಿಸಿದರು. ಅಪರಿಚಿತರ ಎದುರು ಭಾಷಣ, ಬಾಯಿಲೆಕ್ಕ ಮಾಡಿಸುವ ಅವರ ಒತ್ತಡ ಪರೀಕ್ಷೆ 1993ರಲ್ಲಿ ಪ್ರಕಟವಾಯಿತು. ಪ್ರಯೋಗಾಲಯ ಮನೆಬಾಗಿಲಿಗೆ ಬಂತು. ಎದ್ದಾಗ ಒಂದು, ಅರ್ಧ ಗಂಟೆಗೆ ಇನ್ನೊಂದು, ಮಧ್ಯಾಹ್ನ, ಸಂಜೆ, ಮಲಗುವ ಮುನ್ನ ಎಂದು ಹೆಂಗಸರು ತಮ್ಮ ಅಡುಗೆಮನೆಯ ಫ್ರಿಜ್ಜಿನಲ್ಲೇ ಮಾದರಿಗಳನ್ನು ಜೋಡಿಸಿಡುವಂತಾಯಿತು.

ಇದರಿಂದ ಕಂಡದ್ದು ಏನು? ಬೆಳಗಿನಿಂದ ರಾತ್ರಿಗೆ ಇಳಿಯುವ ರೇಖೆ ಆರೋಗ್ಯವಂತರಲ್ಲಿ ಕಡಿದಾಗಿರುತ್ತದೆ. ಬಹುಕಾಲದ ಒತ್ತಡದಲ್ಲಿ ಅದು ಚಪ್ಪಟೆಯಾಗುತ್ತದೆ. ಬೆಳಗ್ಗೆ ಏರಬೇಕಾದಷ್ಟು ಏರುವುದಿಲ್ಲ, ರಾತ್ರಿ ಇಳಿಯಬೇಕಾದಷ್ಟು ಇಳಿಯುವುದಿಲ್ಲ. ಇಡೀ ದಿನದ ಸರಾಸರಿ ತೆಗೆದರೆ ಅಂಥವರ ಅಂಕಿ ಸಹಜವಾಗಿಯೇ ಕಾಣಬಹುದು! ಸ್ತನದಿಂದ ಬೇರೆಡೆಗೆ ಹಬ್ಬಿದ ಕ್ಯಾನ್ಸರ್ ಇದ್ದ ಮಹಿಳೆಯರಲ್ಲಿ ಈ ರೇಖೆ ಚಪ್ಪಟೆಯಾದವರು ಬೇಗ ತೀರಿಕೊಂಡರೆಂದು ಸೆಫ್ಟನ್ ತಂಡ 2000ದಲ್ಲಿ ವರದಿ ಮಾಡಿತು. ಲಂಡನ್ನಿನ ಸರ್ಕಾರಿ ನೌಕರರನ್ನು ದಶಕಗಳಿಂದ ಹಿಂಬಾಲಿಸುತ್ತಿರುವ ವೈಟ್‌ಹಾಲ್ ಅಧ್ಯಯನದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಎಂಜಲು ಪರೀಕ್ಷಿಸಿದ ಮೀನಾ ಕುಮಾರಿ ಮತ್ತು ಸಂಗಡಿಗರು, ಚಪ್ಪಟೆ ರೇಖೆಗೂ ಹೃದ್ರೋಗದ ಸಾವಿಗೂ ಇರುವ ನಂಟನ್ನು 2011ರಲ್ಲಿ ತೋರಿಸಿದರು. ಎಮ್ಮಾ ಆ್ಯಡಮ್ 2017ರಲ್ಲಿ 80 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಹಲವು ಬಗೆಯ ಅನಾರೋಗ್ಯದ ಜೊತೆಗೆ ಇದೇ ಚಪ್ಪಟೆತನ ಕಂಡಿತು. ನಂಟು ಇದೆಯೆಂದ ಮಾತ್ರಕ್ಕೆ ಕಾರಣ ಇದೇ ಎಂದಾಗದು. ಕಾಯಿಲೆಯೂ ಲಯವನ್ನು ಕೆಡಿಸಬಲ್ಲದು. ಎದ್ದ ಮೇಲಿನ ಅರ್ಧ ಗಂಟೆಯ ಏರಿಕೆಯೊಂದನ್ನೇ ಹಿಡಿದು ನೂರಾರು ಲೇಖನಗಳು ಬಂದಿವೆ. ಮಾದರಿ ಕೊಡುವವರು ಹತ್ತು ನಿಮಿಷ ತಡಮಾಡಿದರೂ ಲೆಕ್ಕ ತಪ್ಪುವ ಆ ಅಳತೆಯ ಮೇಲೆ ಅಷ್ಟೊಂದು ಭಾರ ಹೇರಿದ್ದು ಸರಿಯಲ್ಲ. ದಿನದ ಇಳಿಜಾರೇ ಹೆಚ್ಚು ನಂಬಿಕೆಗೆ ಅರ್ಹ.

ಈ ಹೊತ್ತಿಗೆ ಬೆಂಗಳೂರಿನಲ್ಲಿ ನಡೆದ ಕೆಲಸವನ್ನು ಹೊರಗಿನವರು ಬರೆದ ಸಮೀಕ್ಷೆಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ನಿಮ್ಹಾನ್ಸ್‌ನ ನರಶರೀರವಿಜ್ಞಾನ ವಿಭಾಗದಲ್ಲಿ ಟಿ. ದೇಸಿರಾಜು ಕಟ್ಟಿದ ಪರಂಪರೆಯೊಂದಿತ್ತು. ಅನುಭವ ನರಕೋಶದ ಆಕಾರವನ್ನೇ ಬದಲಿಸುತ್ತದೆಯೇ ಎಂಬುದು ಅಲ್ಲಿಯ ಪ್ರಶ್ನೆ. ಪ್ರತಿದಿನ ಕಟ್ಟಿಹಾಕಿದ ಇಲಿಗಳ ಹಿಪ್ಪೊಕ್ಯಾಂಪಸಿನ ನರಕೋಶಗಳಲ್ಲಾಗುವ ಬದಲಾವಣೆಯನ್ನು ಸುನಂದಾ, ಎಂ.ಎಸ್. ರಾವ್, ಟಿ.ಆರ್. ರಾಜು 1995ರಲ್ಲಿ ಅಳೆದು ಪ್ರಕಟಿಸಿದರು. ನಂತರ ಹೆಬ್ಬಾಳದಾಚೆಯ ಜೀವವಿಜ್ಞಾನ ಸಂಸ್ಥೆ ಎನ್‌ಸಿಬಿಎಸ್‌ನ ಸುಮಂತ್ರ ಚಟರ್ಜಿಯವರ ಪ್ರಯೋಗಾಲಯ ಮತ್ತು ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಕೈಜೋಡಿಸಿದರು. 2002ರಲ್ಲಿ ಅಜಯ್ ವ್ಯಾಸ್, ರೂಪ್ಶಿ ಮಿತ್ರ ಅವರೊಂದಿಗೆ ಬಂದ ಅವರ ಲೇಖನ ಈ ಕ್ಷೇತ್ರದ ದಿಕ್ಕನ್ನೇ ತಿರುಗಿಸಿತು. ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಇಲಿಗಳನ್ನು ಅಲುಗಾಡದಂತೆ ಇಟ್ಟಾಗ, ನೆನಪಿನ ತಾಣವಾದ ಹಿಪ್ಪೊಕ್ಯಾಂಪಸಿನಲ್ಲಿ ನರಕೋಶದ ಕವಲುಗಳು ಕುಗ್ಗಿದವು. ಭಯದ ತಾಣವಾದ ಅಮಿಗ್ಡಾಲದಲ್ಲಿ ಅವೇ ಕವಲುಗಳು ಬೆಳೆದು ಹರಡಿದವು. ಒಂದೇ ಒತ್ತಡ, ಒಂದೇ ಮೆದುಳು, ಎರಡು ವಿರುದ್ಧ ಫಲ. 2004ರಲ್ಲಿ ಚಟರ್ಜಿಯವರ ಪ್ರಯೋಗಾಲಯ ಇಲಿಗಳಿಗೆ 21 ದಿನ ವಿಶ್ರಾಂತಿ ಕೊಟ್ಟು ನೋಡಿತು. ಅಮಿಗ್ಡಾಲದ ಬೆಳವಣಿಗೆ ಹಿಂದೆ ಸರಿಯಲಿಲ್ಲ, ಆತಂಕವೂ ಕಡಿಮೆಯಾಗಲಿಲ್ಲ. ಇನ್ನೊಂದು ಕಡೆ, ಆಟಿಕೆ, ಸಂಗಾತಿ, ಓಡಾಡಲು ಜಾಗವಿರುವ ಸಮೃದ್ಧ ಪಂಜರದಲ್ಲಿ ಒತ್ತಡ ಉಂಡ ಇಲಿಗಳ ಕಲಿಕೆ ಸುಧಾರಿಸುತ್ತದೆಂದು ಶಂಕರನಾರಾಯಣ ರಾವ್ ಅವರ ಬಳಗ 2009ರಲ್ಲಿ ತೋರಿಸಿತು. ಬಾಲ್ಯದ ಬಗ್ಗೆ ಯೋಚಿಸುವವರು ಈ ಮೂರನ್ನೂ ಒಟ್ಟಿಗೆ ಇಟ್ಟು ಓದಬೇಕು.

ಇತ್ತ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಎಂ.ಕೆ. ಚಂದ್ರಶೇಖರನ್, ವಿಜಯಕುಮಾರ್ ಶರ್ಮ ಅವರ ಕಾಲಜೀವವಿಜ್ಞಾನವೂ ಇತ್ತು. ಬಾವಲಿ, ನೊಣಗಳ ಗಡಿಯಾರ ಬಲ್ಲವರು ಒಂದು ಕಡೆ, ಒತ್ತಡದ ಮೆದುಳು ಬಲ್ಲವರು ಇನ್ನೊಂದು ಕಡೆ, ಒಂದೇ ಊರಿನಲ್ಲಿ. ಇವರು ಕೂಡಿ ಮನುಷ್ಯ ಮಕ್ಕಳ ಕಾರ್ಟಿಸಾಲ್ ಲಯವನ್ನು ಕೈಗೆತ್ತಿಕೊಂಡಿದ್ದರೆ ಈ ವಿದ್ಯೆಯಲ್ಲಿ ಬೆಂಗಳೂರು ಮೊದಲನೆಯದಾಗುತ್ತಿತ್ತೆಂದು ನಾನು ಈಗಲೂ ನಂಬುತ್ತೇನೆ.

ಮನುಷ್ಯರ ಮಟ್ಟಿಗೆ ನಮ್ಮ ನಾಡಿನ ಹೆಮ್ಮೆ ಮೈಸೂರಿನದು. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಕಾದಿಟ್ಟ ಹೆರಿಗೆ ದಾಖಲೆಗಳಲ್ಲಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲ ಇದ್ದವು. ಆ ಕೂಸುಗಳು ನಡುವಯಸ್ಸಿಗೆ ಬಂದ ಮೇಲೆ ಅವರನ್ನು ಹುಡುಕಿ, ಹುಟ್ಟಿದಾಗಿನ ತೂಕಕ್ಕೂ ಹೃದ್ರೋಗಕ್ಕೂ ಸಂಬಂಧವಿದೆಯೆಂದು ಸ್ಟೈನ್, ಕ್ಯಾರೊಲಿನ್ ಫಾಲ್ ಮೊದಲಾದವರು 1996ರಲ್ಲಿ ತೋರಿಸಿದರು. ಅವರಲ್ಲೇ ಬೆಳಗ್ಗೆ ಒಂಬತ್ತರ ರಕ್ತದ ಕಾರ್ಟಿಸಾಲ್ ಹೆಚ್ಚಿದ್ದವರಿಗೆ ರಕ್ತದೊತ್ತಡವೂ ಸಕ್ಕರೆಯೂ ಹೆಚ್ಚು, ಮೈತೂಕ ಹೆಚ್ಚಿದ್ದವರಲ್ಲಿ ಈ ನಂಟು ಇನ್ನೂ ಗಾಢ ಎಂದು 2003ರ ಲೇಖನ ಹೇಳಿತು. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರ ಪಾರ್ಥೆನನ್ ಅಧ್ಯಯನ 1997–98ರಲ್ಲಿ ಅದೇ ಆಸ್ಪತ್ರೆಯ ಗರ್ಭಿಣಿಯರಿಂದ ಆರಂಭವಾಗಿ, ಅವರ ಮಕ್ಕಳು ಹದಿಹರೆಯಕ್ಕೆ ಬಂದಾಗ ಟ್ರಿಯರ್ ಪರೀಕ್ಷೆಯನ್ನು ನಮ್ಮ ಮಕ್ಕಳಿಗೆ ಒಗ್ಗಿಸಿತು. ಬಸಿರಿನಲ್ಲಿ ತಾಯಿಗೆ ಸಕ್ಕರೆ ಕಾಯಿಲೆಯಿದ್ದ ಮಕ್ಕಳ ಹೃದಯ ಮತ್ತು ರಕ್ತನಾಳಗಳು ಒತ್ತಡಕ್ಕೆ ಹೆಚ್ಚು ತೀವ್ರವಾಗಿ ಸ್ಪಂದಿಸಿದವು. ತಾಳ್ಮೆಯಿಂದ, ತಲೆಮಾರುಗಳನ್ನು ದಾಟಿ ನಡೆಸಿದ ಇಂಥ ಕೆಲಸ ದೇಶದಲ್ಲಿ ಬಹಳ ಇಲ್ಲ.

ಆದರೂ ಗಮನಿಸಿ. ಒಂಬತ್ತು ಗಂಟೆಯ ಒಂದೇ ರಕ್ತ. ಒಂದು ದಿನದ ಒಂದು ಪರೀಕ್ಷೆಗೆ ಬಂದ ಸ್ಪಂದನ. ದಿನದ ಇಳಿಜಾರು ಇವುಗಳಲ್ಲಿ ಇಲ್ಲ. ಗರ್ಭಿಣಿಯ ಖಿನ್ನತೆಗೂ ಕೂಸು ಲಸಿಕೆಯ ಸೂಜಿಗೆ ತೋರುವ ಕಾರ್ಟಿಸಾಲ್ ಸ್ಪಂದನಕ್ಕೂ ನಂಟಿದೆಯೆಂದು ದಕ್ಷಿಣ ಭಾರತದ ಹಳ್ಳಿಗಾಡಿನಿಂದ 2015ರಲ್ಲಿ ವರದಿಯಾದ ಅಧ್ಯಯನವೂ ಇದೇ ಬಗೆಯದು. ಯೋಗದಿಂದ ಖಿನ್ನತೆಯ ರೋಗಿಗಳ ಕಾರ್ಟಿಸಾಲ್ ಇಳಿದದ್ದನ್ನು ನಿಮ್ಹಾನ್ಸ್‌ನ ತೀರ್ಥಹಳ್ಳಿ, ಗಂಗಾಧರ್ ಮೊದಲಾದವರು 2013ರಲ್ಲಿ ಎಚ್ಚರದಿಂದಲೇ ಬರೆದರು. ಕಾರ್ಟಿಸಾಲ್ ಇಳಿಸುವುದೇ ಆರೋಗ್ಯ ಎಂಬ ತೀರ್ಮಾನ ಅದರಲ್ಲಿಲ್ಲ, ಅದನ್ನು ಎತ್ತಿಕೊಂಡವರಲ್ಲಿದೆ.

ಮಕ್ಕಳ ದಿನದ ಲಯದ ಬಗ್ಗೆ ತಿಳಿದಿರುವುದರ ಹೆಚ್ಚಿನ ಪಾಲು ಮಿನ್ನೆಸೋಟದ ಮೇಗನ್ ಗುನ್ನಾರ್ ಮತ್ತು ಅವರ ಶಿಷ್ಯರದು. ಹುಟ್ಟಿದ ಕೂಸಿಗೆ ಹಗಲು ರಾತ್ರಿಯ ಕಾರ್ಟಿಸಾಲ್ ಲಯ ಇರುವುದಿಲ್ಲ. ಮೊದಲ ಕೆಲವು ತಿಂಗಳಲ್ಲಿ, ನಿದ್ದೆ ರಾತ್ರಿಗೆ ಕೂಡಿಕೊಳ್ಳುತ್ತಿದ್ದಂತೆ ಅದು ಮೂಡುತ್ತದೆ. ಎದೆಹಾಲಿನಲ್ಲಿಯೂ ಕಾರ್ಟಿಸಾಲ್ ಬೆಳಗ್ಗೆ ಹೆಚ್ಚು, ರಾತ್ರಿ ಕಡಿಮೆ. ಹಗಲು ನಿದ್ದೆ ಬಿಡುವ ವಯಸ್ಸಿನವರೆಗೂ ಲಯ ಪಕ್ವವಾಗುತ್ತಲೇ ಇರುತ್ತದೆ, ಅಂದರೆ ಮನೆಯ ದಿನಚರಿ ಅದರ ಮೇಲೆ ಕೈಯಾಡಿಸಲು ವರ್ಷಗಳ ಅವಕಾಶವಿದೆ. ರುಮೇನಿಯಾದ ಅನಾಥಾಲಯದ ಮಕ್ಕಳಲ್ಲಿ ಬೆಳಗಿನ ಶಿಖರವೇ ಇರಲಿಲ್ಲವೆಂದು ಕಾರ್ಲ್ಸನ್ ಮತ್ತು ಅರ್ಲ್ಸ್ 1997ರಲ್ಲಿ ವಿವರಿಸಿದರು. ಯಾರೂ ಎತ್ತಿಕೊಳ್ಳದಿದ್ದ ಮಕ್ಕಳವು. ಆ ದೇಶದಲ್ಲೇ ಮುಂದೆ ನಡೆದ ಅಧ್ಯಯನದಲ್ಲಿ ಎರಡು ವರ್ಷ ತುಂಬುವ ಮೊದಲೇ ಸಾಕು ಮನೆ ಸೇರಿದ ಮಕ್ಕಳ ಒತ್ತಡದ ಸ್ಪಂದನ ಸಹಜಕ್ಕೆ ಹತ್ತಿರವಾಯಿತು. ಮೇರಿ ಡೋಜಿಯರ್ ರೂಪಿಸಿದ, ತಾಯಂದಿರ ಮನೆಗೇ ಹೋಗಿ ಹತ್ತು ಬಾರಿ ಕೂತು ಕಲಿಸುವ ಕ್ರಮದಿಂದ ಚಪ್ಪಟೆ ರೇಖೆ ಮತ್ತೆ ಕಡಿದಾದದ್ದೂ ದಾಖಲಾಗಿದೆ.

ಗುನ್ನಾರ್ ಬಳಗದ ಇನ್ನೊಂದು ಕಾಣಿಕೆ ನಮಗೆ ಇನ್ನೂ ಹತ್ತಿರದ್ದು. ಮನೆಯಲ್ಲಿದ್ದ ದಿನ ಮಧ್ಯಾಹ್ನದ ಹೊತ್ತಿಗೆ ಇಳಿಯುವ ಕಾರ್ಟಿಸಾಲ್, ಶಿಶುವಿಹಾರದಲ್ಲಿದ್ದ ದಿನ ಅನೇಕ ಚಿಕ್ಕ ಮಕ್ಕಳಲ್ಲಿ ಏರುತ್ತದೆ. ನೋಡಿಕೊಳ್ಳುವವರು ಗಮನ ಕೊಟ್ಟರೆ ಏರಿಕೆ ಕಡಿಮೆ. ಇದನ್ನು ದುಡಿಯುವ ತಾಯಂದಿರ ವಿರುದ್ಧ ತಿರುಗಿಸಿದವರು ಓದಿದ್ದು ಅರ್ಧ ಮಾತ್ರ. ಅಳತೆ ತೂಗಿದ್ದು ಪಾಲನೆಯ ಗುಣಮಟ್ಟವನ್ನು.

ನಂದಿನಿ ಲೇಔಟಿನಿಂದ ಪೀಣ್ಯ ದೂರವಲ್ಲ. ಲಗ್ಗೆರೆ, ರಾಜಗೋಪಾಲನಗರದ ಒಂದೊಂದೇ ಕೋಣೆಯ ಮನೆಗಳಿಂದ ಕಾರ್ಖಾನೆಗೆ, ಗಾರ್ಮೆಂಟ್ಸ್‌ಗೆ ಹೊರಡುವ ಹೆಂಗಸರು ಕೂಸನ್ನು ಅಜ್ಜಿಗೋ ಪಕ್ಕದ ಮನೆಗೋ ಅಂಗನವಾಡಿಗೋ ಒಪ್ಪಿಸಿ ಹೋಗುತ್ತಾರೆ. ಅಂಗನವಾಡಿ ಮುಚ್ಚುವ ಹೊತ್ತಿಗೂ ಶಿಫ್ಟ್ ಬಿಡುವ ಹೊತ್ತಿಗೂ ನಡುವೆ ಮಗು ಎಲ್ಲಿರುತ್ತದೆ, ಯಾವಾಗ ಉಣ್ಣುತ್ತದೆ, ಯಾವಾಗ ಮಲಗುತ್ತದೆ? ಹಳ್ಳಿಗಳಿಗೆ 'ಕೂಸಿನ ಮನೆ' ಯೋಜನೆ ಬಂತು, ಒಳ್ಳೆಯದಾಯಿತು. ನಗರದ ಈ ಬೀದಿಗಳು ಆ ಯೋಜನೆಯ ಹೊರಗಿವೆ. 2019ರ ನವೆಂಬರಿನಲ್ಲಿ ಕರ್ನಾಟಕ ಸರ್ಕಾರ ಕಾರ್ಖಾನೆಗಳಲ್ಲಿ ಹೆಂಗಸರ ರಾತ್ರಿ ಪಾಳಿಗೆ ಅನುಮತಿ ಕೊಟ್ಟಿತು. 2023ರ ತಿದ್ದುಪಡಿ ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯ ದುಡಿಮೆಗೆ ದಾರಿ ಮಾಡಿತು. ದೇಹದ ಗಡಿಯಾರವನ್ನು ಕೆಡಿಸುವ ರಾತ್ರಿ ಪಾಳಿ ಬಹುಶಃ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2007ರಲ್ಲೇ ಹೇಳಿತ್ತು, 2019ರಲ್ಲಿ ಅದನ್ನೇ ಮತ್ತೆ ಎತ್ತಿಹಿಡಿಯಿತು. ಕೆಲಸದ ಹಕ್ಕು ಹೆಂಗಸರಿಗೆ ಬೇಕೇಬೇಕು. ಜೊತೆಗೆ, ತಾಯಿಯ ಪಾಳಿ ವಾರಕ್ಕೊಮ್ಮೆ ಬದಲಾಗುವ ಮನೆಯಲ್ಲಿ ಮೂರು ವರ್ಷದ ಮಗುವಿನ ರೇಖೆ ಹೇಗಿದೆ ಎಂದು ನೋಡುವ ಹೊಣೆಯೂ ಯಾರಿಗಾದರೂ ಇರಬೇಕು.

ಇದಕ್ಕೆ ದೊಡ್ಡ ಯಂತ್ರ ಬೇಡ. ಹತ್ತಿಯ ಸುರುಳಿ, ಹೊತ್ತು ಬರೆದ ಚೀಟಿ, ಫ್ರೀಜರ್, ನಗರದ ಯಾವುದೇ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಭಾಗದಲ್ಲಿ ಮಾಡಬಹುದಾದ ಪರೀಕ್ಷೆ. ಮಗುವಿಗೆ ದಿನಕ್ಕೆ ನಾಲ್ಕು ಮಾದರಿ, ತಾಯಿ ಹಗಲು ಪಾಳಿಯಲ್ಲಿರುವ ವಾರ ಎರಡು ದಿನ, ರಾತ್ರಿ ಪಾಳಿಯ ವಾರ ಎರಡು ದಿನ. ಅಂಗನವಾಡಿ ಕಾರ್ಯಕರ್ತೆಯರಿಗೆ ತರಬೇತಿ ಮತ್ತು ಸರಿಯಾದ ಗೌರವಧನ ಕೊಟ್ಟರೆ ಅವರೇ ಅಚ್ಚುಕಟ್ಟಾಗಿ ಮಾಡಬಲ್ಲರು. ಕಾರ್ಮಿಕರ ಮತ್ತು ಮಾಲೀಕರ ವಂತಿಗೆಯಿಂದ ನಡೆಯುವ ಇಎಸ್ಐ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜು ರಾಜಾಜಿನಗರದಲ್ಲೇ ಇದೆ, ನಿಮ್ಹಾನ್ಸ್ ಊರಿನ ಇನ್ನೊಂದು ತುದಿಯಲ್ಲಿ. ಮೊದಲ ನೂರು ಮಕ್ಕಳನ್ನು ಲಗ್ಗೆರೆಯಿಂದಲೇ ತೆಗೆದುಕೊಳ್ಳಬಹುದು.