ಚಿತ್ರಾನುಪಾತ (ವೀಡಿಯೊ ಪರಿವರ್ತನೆಯಲ್ಲಿ)

ಚೌಕಟ್ಟಿನ ಅಗಲಕ್ಕೂ ಎತ್ತರಕ್ಕೂ ಇರುವ ಪ್ರಮಾಣವೇ ಚಿತ್ರಾನುಪಾತ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮನೆಗಳಲ್ಲಿ ಉಳಿದಿರುವ ಮದುವೆ, ಯಕ್ಷಗಾನಗಳ ವಿಎಚ್‌ಎಸ್ ಕ್ಯಾಸೆಟ್‌ಗಳು, ಭಾರತದ ಉಳಿದೆಡೆಯಂತೆ, ಸಾಮಾನ್ಯವಾಗಿ ಪಾಲ್ ಎಂಬ ಟಿವಿ ಪದ್ಧತಿಯವು: ಅನುಪಾತ 4:3, ಸೆಕೆಂಡಿಗೆ 25 ಚೌಕಟ್ಟು. ಡಿಜಿಟಲ್‌ಗೆ ಇಳಿಸಿದಾಗ ಅವು ಹೆಚ್ಚಾಗಿ 720×576 ಬಿಂದುಗಳ ಕಡತಗಳಾಗುತ್ತವೆ. ಭಾಗಿಸಿದರೆ ಬರುವುದು 1.25, 4:3 ಎಂದರೆ 1.33. ಚಿತ್ರ ವಿಕಾರವಾಗಿ ಕಾಣುವ ದೋಷಕ್ಕೆ ಈ ಅಂತರವೇ ಬೇರು. ಆ ಬಿಂದುಗಳು ಚೌಕವಲ್ಲ, ತುಸು ಅಗಲ. ಕಡತದೊಳಗಿನ ಅನುಪಾತದ ಸೂಚನೆ ಕಳೆದುಹೋದರೆ ಮುಖಗಳು ಸಪೂರವಾಗುತ್ತವೆ. 16:9 ಪರದೆಯ ತುಂಬ ಎಳೆದರೆ ಮೂರನೇ ಒಂದರಷ್ಟು ಹಿಗ್ಗುತ್ತವೆ. ಕೆಟ್ಟಿರುವುದು ಚಿತ್ರವಲ್ಲ, ಅದನ್ನು ಓದುವ ಸೂಚನೆ. ಮೊದಲು ತಿದ್ದಬೇಕಾದದ್ದೂ ಅದನ್ನೇ. ಎಫ್‌ಎಫ್‌ಎಂಪೆಗ್‌ನಂಥ ತಂತ್ರಾಂಶದಲ್ಲಿ ಮರುಸಂಕೇತನವಿಲ್ಲದೆ, ಗುಣಮಟ್ಟ ಕುಂದದಂತೆ ಇದು ಸಾಧ್ಯ.

ಕೆಲವು ಸಾಧನಗಳು ಸೂಚನೆಯನ್ನು ಲೆಕ್ಕಿಸುವುದಿಲ್ಲ ಎಂಬ ಆಕ್ಷೇಪ ನಿಜ. ಅವಕ್ಕಾಗಿ ಚೌಕ ಬಿಂದುಗಳ 768×576 ಪ್ರತಿ ಮಾಡಿಕೊಳ್ಳಬಹುದು. 4:3 ಚಿತ್ರವನ್ನು 16:9 ಪರದೆಯಲ್ಲಿ ತೋರಿದಾಗ ಇಕ್ಕೆಲದಲ್ಲಿ ಉಳಿಯುವ ಕಪ್ಪು ಪಟ್ಟಿ ಪರದೆಯನ್ನು ವ್ಯರ್ಥಮಾಡುತ್ತದೆ ಎಂಬ ವಾದ ಮಾತ್ರ ನಿಲ್ಲದು: ಪಟ್ಟಿ ತಪ್ಪಿಸಲು ಕತ್ತರಿಸಿದರೆ ಎತ್ತರದ ಕಾಲುಭಾಗ ಹೋಗುತ್ತದೆ, ಯಕ್ಷಗಾನದಲ್ಲಿ ಅದು ವೇಷದ ಕಿರೀಟ, ಇಲ್ಲವೇ ಗೆಜ್ಜೆಗಾಲು. ಅನುಪಾತಕ್ಕೆ ಸಂಬಂಧಿಸದ ದೋಷಗಳೂ ಇವೆ. ಚಲನೆಯ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ಕಾರಣ ಹೆಣೆದ ಅರೆಚೌಕಟ್ಟುಗಳು, ಅವನ್ನು ಬಿಡಿಸಬೇಕು. ಸೆಕೆಂಡಿನ 25 ಚೌಕಟ್ಟನ್ನು 30ಕ್ಕೆ ಬದಲಿಸಿದರೆ ಕುಣಿತ ತಡವರಿಸುತ್ತದೆ. ಧ್ವನಿ ಬಂದು ಚಿತ್ರ ಬಾರದಿದ್ದರೆ ಸಂಕೇತ ಪದ್ಧತಿಯನ್ನು ಶಂಕಿಸಬೇಕು. ಎಂಪಿ4 ಕಡತದಲ್ಲಿ ಎಚ್.264 ಚಿತ್ರ, ಎಎಸಿ ಧ್ವನಿ ಬಹುತೇಕ ಎಲ್ಲೆಡೆ ಓಡುತ್ತವೆ. ಮೂಲ ಕಡತವನ್ನಂತೂ ಅಳಿಸಬಾರದು.